ಐದನೆಯ ಕಿಟಕಿಯ ಹಿಡಿ

"ಉಸಿರು ಬಿಗಿಹಿಡೀರಿ ಸ್ವಾಮಿ. ಪುಡಿ ಹಾರೋಗ್ಬಿಡ್ತದೆ."

ಬಡಗಿ ಅಪ್ಪಯ್ಯಾಚಾರಿ ಹಾಗೆಂದಾಗ ಸಬ್ ಇನ್‌ಸ್ಪೆಕ್ಟರ್ ನರಸಿಂಹಯ್ಯ ನಿಜವಾಗಿಯೂ ಉಸಿರು ಹಿಡಿದು ನಿಂತ. ಎಪ್ಪತ್ತು ದಾಟಿದ ಆ ಮುದುಕರು ಕಿಟಕಿಯ ಹಿತ್ತಾಳೆ ಹಿಡಿಯಿಂದ ಕೊನೆಯ ತಿರುಪುಮೊಳೆಯನ್ನು ಬಿಚ್ಚಿದರು. ನಿದ್ದೆ ಹೋದ ಮಗುವನ್ನು ಎತ್ತಿಕೊಳ್ಳುವಷ್ಟು ಮೆಲ್ಲಗೆ ಹಿಡಿಯನ್ನು ಮರದಿಂದ ಬಿಡಿಸಿದರು.

ಎರಡು ತೂತು ಇರಬೇಕಾದ ಜಾಗದಲ್ಲಿ ಮೂರಿದ್ದವು. ಮೇಲೊಂದು, ಕೆಳಗೆ ಒಂದರ ಪಕ್ಕ ಇನ್ನೊಂದು. ಆ ಇನ್ನೊಂದರ ಬಾಯಿಯಲ್ಲಿ ಕೆಂಪಗೆ ಏನೋ ಮೆತ್ತಿಕೊಂಡಿತ್ತು.

"ಕುಂಕುಮ," ಎಂದರು ಆಚಾರಿ.

ಹನ್ನೆರಡು ದಿನದ ಹಿಂದೆ ಬೆಳಗ್ಗೆ ಇದೇ ಕೋಣೆಯಲ್ಲಿ, ಈ ಕಿಟಕಿಗೆ ಒತ್ತಿಕೊಂಡಿರುವ ಮಂಚದ ಮೇಲೆ, ಮನೆಯ ಯಜಮಾನ ಹನುಮಂತರಾಯಪ್ಪನವರು ಪಾಷಾಣ ಬೆರೆತ ಹಾಲು ಕುಡಿದು ಬಿದ್ದಿದ್ದರು. ಅಂದಿನಿಂದ ಬೆಂಗಳೂರಿನ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದಾರೆ. ಅಡುಗೆಯ ಕದಿರಮ್ಮನನ್ನು ಬಂಧಿಸಿ ಇವತ್ತು ನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಮೇಲಿನವರ ಆಜ್ಞೆ.

ಗೋಡೆಯ ಗಡಿಯಾರದಲ್ಲಿ ಆಗ ಎರಡೂವರೆ.

ಕದಿರಮ್ಮನ ಮೇಲಿನ ಮೊಕದ್ದಮೆಯೆಲ್ಲ ಈ ಕಿಟಕಿಯ ಮೇಲೆ ನಿಂತಿತ್ತು. ಕೋಣೆಗೆ ಇರುವುದು ಒಂದೇ ಬಾಗಿಲು, ಅವತ್ತು ಆ ಬಾಗಿಲಿನಿಂದ ಹಾಲು ತಂದವಳು ಕದಿರಮ್ಮ ಒಬ್ಬಳೇ. ಕಿಟಕಿಯನ್ನು ಎಂಟು ವರ್ಷದಿಂದ ಯಾರೂ ತೆರೆದಿಲ್ಲ. ಯಜಮಾನರಿಗೆ ಥಂಡಿಗಾಳಿ ಆಗದು. ಹಾಗೆಂದು ಮನೆಯವರೆಲ್ಲ ಹೇಳಿದ್ದರು. ಕಿಲುಬುಗಟ್ಟಿ ಹಸಿರಾಗಿದ್ದ ಹಿಡಿಯನ್ನು ಕಣ್ಣಾರೆ ಕಂಡು ನರಸಿಂಹಯ್ಯನೇ ಅದನ್ನು ವರದಿಯಲ್ಲಿ ಸೇರಿಸಿದ್ದ.

ಇವತ್ತು ಬೆಳಗ್ಗೆ ಈ ಆಚಾರಿ ಠಾಣೆಗೆ ನಡೆದುಬಂದು, ಚಪ್ಪಲಿ ಹೊರಗೆ ಬಿಟ್ಟು, ಒಂದೇ ಮಾತು ಹೇಳಿದ್ದರು: "ಮನೇ ಕಿಟಕಿ ಹಿಡಿಗಳ್ನೆಲ್ಲ ತೆಗ್ದು ಹೊಸಾವು ಹಾಕು ಅಂತ ಕರೆದ್ರು ಸ್ವಾಮಿ. ಆದ್ರೆ ಅಯ್ಯನೋರ ಕೋಣೆ ಕಿಟಕೀಲಿ ಇರೋದು ಆ ಕಿಟಕಿ ಹಿಡಿ ಅಲ್ಲ."

ಅಷ್ಟಕ್ಕೇ ಅವನು ಎದ್ದು ಬಂದಿದ್ದ.

ಆಚಾರಿ ತೋರುಬೆರಳ ತುದಿಯಿಂದ ಕೆಂಪು ಪುಡಿಯನ್ನು ಮುಟ್ಟಿ ಮೂಸಿದರು. "ವಾಸ್ನೆ ಇನ್ನೂ ಐತೆ. ಈ ಹಳೇ ತೂತುಗಳ್ನ ನೋಡಿ, ಅವುಕ್ಕೂ ಇಟ್ಟಿದ್ರು, ಕಾಡಿಗೆ ಥರ ಕಪ್ಪಗಾಗೋಗೈತೆ. ಅದು ನಮ್ಮಪ್ಪ ಇಟ್ಟಿದ್ದು. ನಲವತ್ತೊಂದು ವರ್ಷ ಆಯ್ತು. ಇದು ಮೊನ್ನೆ ಮೊನ್ನೇದು."

"ತೂತಿಗೆ ಕುಂಕುಮ ಯಾಕೆ ಆಚಾರ್ರೇ?"

ಮುದುಕರು ಅವನನ್ನು ಅಯ್ಯೋ ಪಾಪ ಎನ್ನುವಂತೆ ನೋಡಿದರು.

"ಮರದೊಳೀಕೆ ಕಬ್ಬಿಣ ಇಳ್ಸೋದು ಅಂದ್ರೆ ಗಾಯ ಮಾಡ್ದಂಗಲ್ವಾ? ಮೊದ್ಲು ಕುಂಕುಮ ಇಟ್ಟು, ತಪ್ಪಾಯ್ತು ತಾಯಿ ಅಂತ ಕೇಳ್ಕಂಡು, ಆಮ್ಯಾಕೆ ತಿರುಪು ಬಿಡ್ಬೇಕು. ನಮ್ಮಪ್ಪನ ಪದ್ಧತಿ ಅದು. ಈ ಅಯ್ಯನೋರ ತಂದೆಗೆ ಬಾಳಾ ಹಿಡಿಸ್ಬಿಡ್ತು. ಅವತ್ತಿಂದ ಈ ಮನೇಲಿ ಪಟಕ್ಕೊಂದು ಮೊಳೆ ಹೊಡೀಬೇಕಾದ್ರೂ ಕುಂಕುಮದ ಬಟ್ಟಲು ಬರ್ತದೆ. ಬ್ಯಾರೆ ಮನೆಗಳಲ್ಲಿ ಹೇಳಿದ್ರೆ ನಗ್ತಾರೆ."

ನರಸಿಂಹಯ್ಯ ನಗಲಿಲ್ಲ. ಬಾಗಿ ಆ ಮೂರನೆಯ ತೂತನ್ನು ಮತ್ತೆ ನೋಡಿದ.

ಯಾರೋ ಈ ಮನೆಯವರೇ, ಯಜಮಾನರು ಎಚ್ಚರ ತಪ್ಪಿ ಬಿದ್ದ ಮೇಲೆ, ಪೊಲೀಸರು ಬರುವ ಮೊದಲು, ಇಲ್ಲಿದ್ದ ಹಿಡಿಯನ್ನು ಬಿಚ್ಚಿ ಬೇರೊಂದು ಹಿಡಿ ಕೂರಿಸಿದ್ದಾರೆ. ತೂತು ಹೊಂದದೆ ಹೊಸದು ಕೊರೆದಿದ್ದಾರೆ. ಅಂಥ ಗಡಿಬಿಡಿಯಲ್ಲೂ, ಅಂಥ ಕೆಲಸದಲ್ಲೂ, ಮರಕ್ಕೆ ನೋವಾದೀತೆಂದು ಕುಂಕುಮ ಇಟ್ಟಿದ್ದಾರೆ!

ಮರದ ನೋವು ತಿಳಿಯುವ ಕೈ ಅದು. ಅದೇ ಕೈ ಹಾಲಿಗೆ ಪಾಷಾಣ ಹಾಕಿತೇ?

"ಪಾಪಯ್ಯ, ಬರ್ಕೊಂಡ್ರಾ?"

"ಬರ್ಕೊಂಡೆ ಸಾರ್. ಕುಂಕುಮ ಅಂತ್ಲೂ ಬರ್ದೆ." ಹೆಡ್ ಕಾನ್‌ಸ್ಟೇಬಲ್ ಪಾಪಯ್ಯ ಪೆನ್ಸಿಲನ್ನು ನಾಲಗೆಗೆ ತಾಗಿಸಿ ಮತ್ತೆ ಪುಸ್ತಕಕ್ಕೆ ಬಾಗಿದ. ಠಾಣೆಯ ಬರವಣಿಗೆಯೆಲ್ಲ ಅವನದೇ, ಅಕ್ಷರ ಮುತ್ತಿನಂಥದು. ಹಿತ್ತಿಲಲ್ಲಿ ಕೂತಿದ್ದ ಕದಿರಮ್ಮನಿಗೆ ಬಿಸಿಲು ತಾಗುತ್ತದೆಂದು ಆಗಲೇ ಚಾಪೆಯನ್ನು ನೆರಳಿಗೆ ಎಳೆದುಹಾಕಿ ಬಂದವನೂ ಅವನೇ.

ಆಚಾರಿ ಹಿಡಿಯ ಬೆನ್ನನ್ನು ತಿರುಗಿಸಿ ತೋರಿಸಿದರು. ಹಿತ್ತಾಳೆಯ ಅಂಚಿನಲ್ಲಿ ಅರದಿಂದ ಉಜ್ಜಿದ ಎರಡು ಗೀರು. ಅದು ಕೂತಿದ್ದ ಮರದ ಮೇಲೆ ಉಳಿಯಿಂದ ಕೊರೆದ ಐದು ಗೀರು.

"ಏಳು ಕಿಟಕಿ, ಏಳು ಹಿಡಿ. ಕಂಚುಗಾರ ಒಂದೊಂದನ್ನೂ ಬ್ಯಾರೆ ಬ್ಯಾರೆ ಎರಕ ಹೊಯ್ದಿದ್ದ. ನೋಡಾಕೆ ಒಂದೇ ಥರ, ಅಳ್ತೆ ಒಂದೊಂದು ನೂಲು ಹೆಚ್ಚು ಕಮ್ಮಿ. ಅದ್ಕೇ ನಮ್ಮಪ್ಪ ಹಿಡಿಗೆಷ್ಟು ಗೀರೋ ಮರಕ್ಕೂ ಅಷ್ಟೇ ಹಾಕ್ಸಿದ್ದು. ಹಾಕಿದೋನು ನಾನೇ, ಆಗ ಮೀಸೆ ಇನ್ನೂ ಕಪ್ಪಗಿತ್ತು."

"ಎರಡನೇ ನಂಬರಿನ ಕಿಟಕಿ ಯಾವುದು?"

"ಉಗ್ರಾಣದ್ದು. ರಾಗಿ ಮೂಟೆ ಹಿಂದ್ಗಡೆ. ಅದನ್ನ ತೆಗೆಯೋರೇ ಇಲ್ಲ, ಅದ್ಕೇ ಕಿಲುಬು."

ಇಬ್ಬರೂ ಉಗ್ರಾಣಕ್ಕೆ ಹೋದರು. ಮೂಟೆಗಳ ಸಂದಿಯಲ್ಲಿ ಕೈ ತೂರಿಸಿ ಆಚಾರಿ ಕೈಯಂದಾಜಿನಲ್ಲೇ ತಿರುಪು ಬಿಚ್ಚಿದರು. ಹಿಡಿ ಹೊರಬಂತು. ಬೆನ್ನಿನಲ್ಲಿ ಐದು ಗೀರು.

ಪಡಸಾಲೆಯ ಬೆಳಕಿಗೆ ತಂದಾಗ ನರಸಿಂಹಯ್ಯ ಬಾಗಿ ನೋಡಿದ.

ಅದರಲ್ಲಿ ಒಂದು ಚೂರೂ ಕಿಲುಬಿರಲಿಲ್ಲ. ನಡುಭಾಗ ಸವೆದು ಸವೆದು ಕಬ್ಬಿನ ಸಿಪ್ಪೆಯಷ್ಟು ತೆಳ್ಳಗಾಗಿತ್ತು. ಹುಣಿಸೆಹಣ್ಣು ಹಾಕಿ ತಿಕ್ಕಿದ ಹೊಳಪಲ್ಲ ಅದು. ಮನುಷ್ಯನ ಕೈ ತಾಗಿ ತಾಗಿ ಹುಟ್ಟಿದ, ಮೆತ್ತನೆಯ, ಜೇನಿನ ಬಣ್ಣದ ಹೊಳಪು.

"ಕಣ್ಣಲ್ಲಿ ನೋಡ್ಬ್ಯಾಡಿ ಸ್ವಾಮಿ, ಕಣ್ಣು ಹೊಳಪಿಗೆ ಮರುಳಾಯ್ತದೆ. ಕಣ್ಣು ಮುಚ್ಚಿ, ಹೆಬ್ಬೆಟ್ಟಿಗೆ ಕೊಡಿ ಕೆಲ್ಸಾನ," ಎಂದು ಆಚಾರಿ ಹಿಡಿಯನ್ನು ಅವನ ಕೈಯಲ್ಲಿಟ್ಟರು. "ಮೊದ್ಲು ಬಲಗೈಯಲ್ಲಿ ಹಿಡೀರಿ, ಬಾಗ್ಲು ಎಳ್ಯೋ ಹಂಗೆ."

ನರಸಿಂಹಯ್ಯ ಹಿಡಿದ. ಅವನ ಹೆಬ್ಬೆರಳು ಹಿಡಿಯ ಎಡಮಗ್ಗುಲಿಗೆ ಹೋಗಿ ಕೂತಿತು. ಅಲ್ಲಿ ಒಂದು ಗುಳಿ ಅವನಿಗಾಗಿ ಕಾದಿತ್ತು, ಆಳವಾಗಿ, ಬೆರಳಿಗೆ ಅಳತೆ ಕೊಟ್ಟು ಮಾಡಿಸಿದಂತೆ.

"ಈಗ ಎಡಗೈ."

ಕೈ ಬದಲಾಯಿಸಿದ. ಹೆಬ್ಬೆರಳು ಈಗ ಬಲಮಗ್ಗುಲಿಗೆ ಹೋಯಿತು. ಅಲ್ಲೂ ಒಂದು ಗುಳಿ. ಮೊದಲಿನಷ್ಟು ಆಳವಿಲ್ಲ, ಆದರೆ ಹೆಚ್ಚು ನುಣುಪು.

"ಎರಡು ಜನ ತೆಗೀತಿದ್ರಾ?"

"ಅಲ್ಲ, ಸರಿಯಾಗಿ ನೋಡಿ. ಗುಳಿ ಅಗಲ ಎರಡು ಕಡೇನೂ ಒಂದೇ. ಒಂದೇ ಮನುಷ್ಯನ ಹೆಬ್ಬೆಟ್ಟು. ಎಡಗಡೆ ಗುಳಿ ಮ್ಯಾಗೆ ಮಸುಕು ಕೂತೈತೆ, ಬಾಳಾ ದಿನದಿಂದ ಯಾರೂ ಮುಟ್ಟಿಲ್ಲ. ಬಲಗಡೇದು ಮೊನ್ನೆವರ್ಗೂ ಮುಟ್ಟಿರೋದು. ನನ್ನ ಲೆಕ್ಕದಲ್ಲಿ ಮೂವತ್ತು ವರ್ಷ ಬಲಗೈಲಿ ತೆಗ್ದವ್ರೆ. ಆಮ್ಯಾಕೆ ಹನ್ನೊಂದು ವರ್ಷ..."

ಆಚಾರಿ ಮುಂದಿನದನ್ನು ಹೇಳಬೇಕಾಗಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಲಕ್ವ ಹೊಡೆದು ಹನುಮಂತರಾಯಪ್ಪನವರ ಬಲಮೈ ಬಿದ್ದುಹೋದದ್ದು ದೊಡ್ಡಬಳ್ಳಾಪುರಕ್ಕೆಲ್ಲ ಗೊತ್ತಿತ್ತು.

ನರಸಿಂಹಯ್ಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ದಿನಕ್ಕೊಂದು ಬೆಳಗು. ನಲವತ್ತೊಂದು ವರ್ಷ. ಹದಿನೈದು ಸಾವಿರ ಬೆಳಗುಗಳು ಈ ಹಿತ್ತಾಳೆಯ ಮೇಲೆ ಒಂದರ ಮೇಲೊಂದು ಬಂದು ಕೂತಿದ್ದವು. ಮದುವೆ, ಮಕ್ಕಳು, ಹೆಂಡತಿಯ ಸಾವು, ಬಿದ್ದುಹೋದ ಕೈ. ಆ ಕೈ ಬಿದ್ದ ಮೇಲೂ ಮನುಷ್ಯ ಬಿಟ್ಟುಕೊಡದೆ ಇನ್ನೊಂದು ಕೈಗೆ ಆ ಕೆಲಸ ಕಲಿಸಿದ್ದಾನೆ. ಠಾಣೆಯ ಬೀರುವಿನಲ್ಲಿರುವ ಎಲ್ಲ ಕಡತ ಹುಡುಕಿದರೂ ಒಬ್ಬ ಮನುಷ್ಯನ ಬಗ್ಗೆ ಇಷ್ಟು ನಿಜ ಸಿಗಲಾರದು ಎನ್ನಿಸಿತು ಅವನಿಗೆ.

"ಹಾಗಾದರೆ ಕಿಟಕಿ ದಿನಾ ತೆಗೀತಿದ್ರು," ಎಂದ.

"ಕೀಲು ಹೇಳ್ತದೆ, ಬನ್ನಿ."

ಕೋಣೆಗೆ ಮರಳಿ ಆಚಾರಿ ಕಿಟಕಿಯ ಬಾಗಿಲನ್ನು ಒಂದೇ ಬೆರಳಿನಿಂದ ಎಳೆದರು. ಎಂಟು ವರ್ಷ ಮುಚ್ಚಿದ್ದ ಕಿಟಕಿ ಕಿರ್ರೆಂದು ಊರು ಎಬ್ಬಿಸಬೇಕಿತ್ತು. ಅದು ಸದ್ದೇ ಇಲ್ಲದೆ ತೆರೆದುಕೊಂಡಿತು. ಕೀಲುಗಳಲ್ಲಿ ಹರಳೆಣ್ಣೆಯ ತೇವ.

ನರಸಿಂಹಯ್ಯನ ಕಿವಿ ಬಿಸಿಯಾಯಿತು. ಅವತ್ತು ಒಮ್ಮೆ ಎಳೆದು ನೋಡಿದ್ದರೆ ಸಾಕಿತ್ತು.

ಆಚಾರಿಗೆ ಅದು ಅರ್ಥವಾಯಿತೇನೋ. ತಿರುಪುಳಿಯನ್ನು ಪಂಚೆಯ ತುದಿಯಲ್ಲಿ ಒರೆಸುತ್ತ, ಅವನ ಮುಖ ನೋಡದೆ ಅಂದರು: "ನಿಮ್ಮ ತಪ್ಪೇನೈತೆ? ಹಿಡಿ ನೋಡಿದ್ರಿ. ಯಾರಾದ್ರೂ ಹಿಡೀನೇ ನೋಡೋದು. ಕೀಲು ನೋಡೋನು ಬಡಗಿ ಒಬ್ನೇ, ಅದೂ ಕೂಲಿ ಕೊಟ್ರೆ."

ಕಿಟಕಿಯ ಸರಳುಗಳಾಚೆ ಹಿತ್ತಿಲ ಓಣಿ. ಕಳ್ಳಿಬೇಲಿ, ಒಂದು ಹೊಂಗೆಮರ, ಕಾಲುದಾರಿ. ಪಕ್ಕದ ಬೀದಿಯಿಂದ ಮಗ್ಗಗಳ ಸದ್ದು ಬರುತ್ತಿತ್ತು. ಸರಳಿಗೂ ಬಾಗಿಲಿಗೂ ನಡುವೆ, ಚೌಕಟ್ಟಿನ ಕೆಳಪಟ್ಟಿಯ ಮೇಲೆ, ನರಸಿಂಹಯ್ಯನಿಗೆ ಒಂದು ಗುರುತು ಕಂಡಿತು. ದುಂಡನೆಯ ಕಪ್ಪು ಉಂಗುರ, ಮರದೊಳಕ್ಕೆ ಇಂಗಿದಂಥದು.

ಈ ಸಲ ಅವನು ಕಣ್ಣನ್ನು ನಂಬಲಿಲ್ಲ. ಹೆಬ್ಬೆರಳನ್ನು ಆಡಿಸಿದ. ಉಂಗುರದ ಉದ್ದಕ್ಕೂ ಕೂದಲೆಳೆಯಷ್ಟು ತಗ್ಗು.

ಅಷ್ಟರಲ್ಲಿ ಮನೆಯ ಸೊಸೆ ಲಕ್ಷ್ಮೀದೇವಮ್ಮ ಕಾಫಿ ತಂದಳು. ಮೂವರಿಗೂ ತಂದಿದ್ದಳು, ಆಚಾರಿಗೆ ಬೇರೆ ಲೋಟವಲ್ಲ, ಅದೇ ಕಂಚಿನ ಲೋಟ. "ಸಕ್ರೆ ಕಡ್ಮೆ ಹಾಕಿದೀನಿ ಆಚಾರ್ರೇ, ನಿಮಗಾಗಲ್ಲ ಅಂದಿದ್ರಲ್ಲ," ಎಂದಳು. ಅತ್ತು ಅತ್ತು ಅವಳ ಕಣ್ಣು ಬಾತಿತ್ತು.

ನರಸಿಂಹಯ್ಯ ಕಾಫಿ ಕುಡಿದು ಮುಗಿಸಿ, ಖಾಲಿ ಲೋಟವನ್ನು ಕಪ್ಪು ಉಂಗುರದ ಮೇಲಿಟ್ಟ. ಲೋಟದ ತಳ ಆ ತಗ್ಗಿನಲ್ಲಿ ಹೋಗಿ ಕೂತಿತು.

ಲಕ್ಷ್ಮೀದೇವಮ್ಮ ಅದನ್ನು ನೋಡಿದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಹಿಡಿ ಬದಲಾಯಿಸಬೇಕು ಅಂತ ಯಾರಿಗೆ ಅನ್ನಿಸ್ತಮ್ಮ, ಇಂಥ ಹೊತ್ತಿನಲ್ಲಿ?"

ಉತ್ತರ ಬಾಗಿಲಿನಿಂದ ಬಂತು. ಯಜಮಾನರ ಮಗ ಪಿಳ್ಳಣ್ಣ ಅಲ್ಲಿ ನಿಂತಿದ್ದ, ಕೈಯಲ್ಲಿ ಚಿಕ್ಕಪೇಟೆಯಿಂದ ತಂದ ಹೊಸ ಹಿಡಿಗಳ ಪೊಟ್ಟಣ. "ನನಗೇ ಸಾರ್. ಸವೆದು ಚೂಪಾಗಿತ್ತು, ಕೈಗೆ ಹೊಡೀತಿತ್ತು. ಅಪ್ಪ ವಾಪಸು ಬರೋಷ್ಟರಲ್ಲಿ ಮನೆ ಚೆನ್ನಾಗಿರ್ಲಿ ಅಂತ."

"ಹಳೇದನ್ನ ಏನು ಮಾಡ್ತೀರಿ?"

"ಇವಳ ಹರಕೆ. ಅಪ್ಪನಿಗೆ ಎಚ್ಚರ ಬಂದ್ರೆ ಏಳನ್ನೂ ಕರಗಿಸಿ ದೇವಸ್ಥಾನಕ್ಕೆ ಒಂದು ಗಂಟೆ ಎರೆಸೋದು ಅಂತ." ಪಿಳ್ಳಣ್ಣ ಕಣ್ಣು ಒರೆಸಿಕೊಂಡ. ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತೋ ಇಲ್ಲವೋ, ಹೇಳುವುದು ಕಷ್ಟ.

ಗಂಡ ತಂದದ್ದು ಹೊಸ ಹಿಡಿ, ಹೆಂಡತಿ ಹೊತ್ತದ್ದು ಹಳೆಯವನ್ನು ಕರಗಿಸುವ ಹರಕೆ. ಇನ್ನೆರಡು ದಿನ ತಡವಾಗಿದ್ದರೆ ಹದಿನೈದು ಸಾವಿರ ಬೆಳಗುಗಳು ಕುಲುಮೆಯಲ್ಲಿ ನೀರಾಗಿ ಹರಿದುಹೋಗುತ್ತಿದ್ದವು. ಇಬ್ಬರಲ್ಲಿ ಯಾರು? ಅಥವಾ ಇಬ್ಬರೂ ಬರಿಯ ನೊಂದ ಮಕ್ಕಳೇ?

ನರಸಿಂಹಯ್ಯ ಹಿತ್ತಿಲಿಗೆ ಇಳಿದ. ಮೂರಕ್ಕೆ ಐದು ನಿಮಿಷವಿತ್ತು.

ಕದಿರಮ್ಮ ನೆರಳಿನಲ್ಲಿ ಕೂತು ಅವರೆಕಾಳು ಸುಲಿಯುತ್ತಿದ್ದಳು. ಪಕ್ಕದಲ್ಲಿ ಅವಳ ಗಂಟು, ಕಟ್ಟಿ ಸಿದ್ಧವಾಗಿತ್ತು. ನಲವತ್ತರ ಹೆಂಗಸು. ಸಾಸಲು ಕಡೆಯವಳು. ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು ಈ ಮನೆಗೆ ಬಂದವಳು. ಜೈಲಿಗೆ ಹೋಗುವ ದಿನವೂ ಮನೆಯವರ ರಾತ್ರಿಯ ಸಾರಿಗೆ ಕಾಳು ಬಿಡಿಸಿಡುತ್ತಿದ್ದಾಳೆ.

ಅವನು ಒಗೆಯುವ ಕಲ್ಲಿನ ಮೇಲೆ ಕೂತ. ಪಾಪಯ್ಯ ಪುಸ್ತಕ ಹಿಡಿದು ಹಿಂದೆ ನಿಂತ.

"ಕದಿರಮ್ಮ, ಆ ಕಿಟಕಿ ದಿನಾ ತೆಗೀತಿದ್ರು."

"ಇಲ್ಲ ಸ್ವಾಮಿ. ನಾನು ಮೊದ್ಲೇ ಯೋಳಿದೀನಿ. ಎಂಟು ವರ್ಸ ಆಯ್ತು."

"ನಿನ್ನ ಪರವಾಗಿ ಇರೋ ಮಾತನ್ನ ನೀನೇ ಇಲ್ಲ ಅಂತೀಯಲ್ಲ! ಕಿಟಕಿ ತೆರೆದಿತ್ತು ಅಂದ್ರೆ ನೀನು ಬದುಕ್ತೀಯ. ಗೊತ್ತಾಯ್ತಾ?"

"ಇಲ್ದಿದ್ದನ್ನ ಐತೆ ಅನ್ನಾಕಾಯ್ತದಾ?" ಅವಳ ಬೆರಳು ನಿಲ್ಲಲಿಲ್ಲ. ಕಾಳು ಟಪಟಪನೆ ಮೊರಕ್ಕೆ ಬೀಳುತ್ತಿತ್ತು.

"ಯಾರೋ ಹಿಡಿ ಬದಲಾಯ್ಸಿದ್ದಾರೆ."

ಬೆರಳು ನಿಂತಿತು.

ಅವಳ ಮುಖದಲ್ಲಿ ಕಂಡದ್ದು ನಟನೆಯಲ್ಲ. ಅದು ಅವಳಿಗೂ ಹೊಸ ಸುದ್ದಿ. ಒಂದು ಕ್ಷಣ ಅವಳ ಕಣ್ಣು ಮನೆಯ ಕಡೆ ಹೋಗಿ, ಬೆದರಿ ಹಿಂದಿರುಗಿತು. ಆಮೇಲೆ ಒಂದೇ ಉಸಿರಿಗೆ, "ನಾನೇ ಬದಲಾಯ್ಸ್ದೆ," ಎಂದಳು.

"ನೀನಾ?"

"ಊಂ."

"ಯಾವುದರಲ್ಲಿ ಬಿಚ್ಚಿದೆ?"

"ತರಕಾರಿ ಚಾಕೂನಾಗೆ."

"ಹೊಸ ತೂತು?"

"ಮೊಳೇಲಿ ಒಡ್ದೆ."

"ತೂತಿಗೆ ಕುಂಕುಮ ಇಟ್ಟೆಯಲ್ಲ, ಬಟ್ಟಲು ಎಲ್ಲಿಂದ ತಗೊಂಡೆ?"

"ಸಿವ ಸಿವಾ!" ಕದಿರಮ್ಮ ಹಾವು ಕಂಡವಳಂತೆ ಹಿಂದಕ್ಕೆ ಸರಿದಳು. "ಕುಂಕುಮದ ಬಟ್ಲು ನಾನು ಮುಟ್ತೀನಾ? ಇಪ್ಪತ್ತೊಂದು ವರ್ಸದಿಂದ ಆ ದೇವ್ರ ಗೂಡಿನ ತಾವಕ್ಕೇ ಓದೋಳಲ್ಲ ನಾನು. ಏನಂತ ಮಾತಾಡ್ತೀರಿ ಸ್ವಾಮಿ!"

ಮಾತು ಬಾಯಿಂದ ಹೊರಟ ಮೇಲೆ ಅವಳಿಗೆ ತಾನು ಹೇಳಿದ್ದೇನೆಂದು ತಿಳಿಯಿತು. ತುಟಿ ಕಚ್ಚಿಕೊಂಡಳು. ಹಿಂದೆ ಪಾಪಯ್ಯನ ಪೆನ್ಸಿಲು ಕಾಗದದ ಮೇಲೆ ಸರಸರ ಓಡಿತು.

ನರಸಿಂಹಯ್ಯನಿಗೆ ಗೆದ್ದ ಸಂತೋಷವಾಗಲಿಲ್ಲ. ಯಾರದೋ ಹಳೆಯ ಗಾಯಕ್ಕೆ ಕೈ ಹಾಕಿದಂತಾಯಿತು. ಮೆಲ್ಲಗೆ ಕೇಳಿದ.

"ಅವತ್ತು ಬಾವಿಕಟ್ಟೆ ಹತ್ರ ಒಂದು ಲೋಟ ತೊಳೀತಿದ್ದೆ ಅಂತ ಮನೆಯವರು ಹೇಳಿದ್ರು. ವಿಷದ ಗುರುತು ಅಳಿಸೋಕೆ ಅಂತ ನಾವೆಲ್ಲ ತಿಳ್ಕೊಂಡ್ವಿ. ಆದ್ರೆ ವಿಷ ಇದ್ದ ಲೋಟ ಮಂಚದ ಪಕ್ಕದಲ್ಲೇ ಬಿದ್ದಿತ್ತು, ನಮಗೆ ಸಿಕ್ತು. ನೀನು ತೊಳೆದದ್ದು ಬೇರೆ ಲೋಟ. ಎರಡು ಲೋಟ ಇತ್ತು ಅಂತ ಗೊತ್ತಾಗಬಾರದು ಅಂತ ತೊಳೆದೆ. ದಿನಾ ಎರಡು ಲೋಟ ಹಾಲು ಒಳಗೆ ಹೋಗ್ತಿತ್ತು, ಒಂದು ಕಿಟಕಿ ಪಟ್ಟಿ ಮೇಲೆ ಕೂರ್ತಿತ್ತು. ಯಾರಿಗಮ್ಮ ಅದು?" 

ಯಾರಿಗಮ್ಮ ಅದು?"

"ಒಬ್ರೇ ಎಲ್ಡು ಲೋಟ ಕುಡಿಯಾಕಿಲ್ವಾ? ನೀವು ಟೇಸನ್ನಾಗೆ ಎಷ್ಟು ಕುಡೀತೀರೋ ಯಾರು ಕಂಡವ್ರೆ."

ಪಾಪಯ್ಯ ಕಿಸಕ್ಕೆಂದ. ನರಸಿಂಹಯ್ಯನಿಗೂ ನಗು ಬಂತು. ಜೈಲಿನ ಮಾತು ಬಂದಿರುವಾಗ ಕೊಂಕಾಡುವ ಹೆಂಗಸು!

"ಕದಿರಮ್ಮ, ಜೀವದ ಪ್ರಶ್ನೆ ಇದು."

"ಗೊತ್ತು ಸ್ವಾಮಿ," ಎಂದಳು ಅವಳು. ಆ ಎರಡು ಮಾತಿನಲ್ಲಿ ನಗು ಇರಲಿಲ್ಲ. ಮತ್ತೆ ಅವರೆಕಾಯಿ ಕೈಗೆತ್ತಿಕೊಂಡಳು. ಆ ಬಾಯಿಂದ ಇನ್ನೊಂದು ಮಾತು ಬರುವುದಿಲ್ಲವೆಂದು ಅವನಿಗೆ ಗೊತ್ತಾಯಿತು.

ನರಸಿಂಹಯ್ಯ ಎದ್ದ. ನಿರ್ಧಾರ ಮಾಡಲು ಅವನಿಗೆ ಬಹಳ ಹೊತ್ತು ಬೇಕಾಗಲಿಲ್ಲ. ಮೇಲಿನವರು ಕೆರಳಬಹುದು, ವರ್ಗ ಮಾಡಬಹುದು. ಆದರೆ ತನ್ನ ಕೈಯಾರೆ ಬರೆದ ಒಂದು ತಪ್ಪು ಸಾಲಿನಿಂದ ಈ ಹೆಂಗಸನ್ನು ಕಟಕಟೆಗೆ ಏರಿಸಲಾರ.

ಪಡಸಾಲೆಯಲ್ಲಿ ಎಲ್ಲರನ್ನೂ ಕರೆದು ಹೇಳಿದ: "ಕದಿರಮ್ಮನನ್ನ ನಾನು ಇವತ್ತು ಬಂಧಿಸ್ತಾ ಇಲ್ಲ. ಆ ಕಿಟಕಿ ದಿನಾ ತೆರೀತಿತ್ತು. ವರದಿ ತಪ್ಪು. ತಪ್ಪು ನನ್ನದು, ಉತ್ತರ ನಾನು ಹೇಳ್ಕೋತೀನಿ."

ಲಕ್ಷ್ಮೀದೇವಮ್ಮ ಬಿಕ್ಕಿ ಅತ್ತುಬಿಟ್ಟಳು. ಓಡಿಹೋಗಿ ಕದಿರಮ್ಮನ ಎರಡೂ ಕೈ ಹಿಡಿದುಕೊಂಡು ಕಣ್ಣಿಗೆ ಒತ್ತಿಕೊಂಡಳು. "ನಾನು ಹೇಳ್ಲಿಲ್ವಾ ಕದಿರಕ್ಕಾ, ದೇವರು ಕಣ್ಣು ಬಿಡ್ತಾನೆ ಅಂತ?"

ಅಪ್ಪಯ್ಯಾಚಾರಿ ತಲೆಯ ವಸ್ತ್ರ ತೆಗೆದು ಮುಖ ಒರೆಸಿಕೊಂಡರು.

ಪಿಳ್ಳಣ್ಣ, "ಒಳ್ಳೇದಾಯ್ತು ಸಾರ್, ಬಹಳ ಒಳ್ಳೇದಾಯ್ತು," ಎಂದ. ಕೈ ಮುಗಿದ. ಆಮೇಲೆ, ತಾನೇ ತಾನಾಗಿ ಬಂದ ಪ್ರಶ್ನೆಯೆಂಬಂತೆ ಕೇಳಿದ: "ಹಾಗಾದ್ರೆ ಕಿಟಕಿಗೆ ಯಾರು ಬರ್ತಿದ್ರು?"

ಲಕ್ಷ್ಮೀದೇವಮ್ಮನ ಅಳು ನಿಂತಿತು. ಅವಳೂ ಉತ್ತರಕ್ಕಾಗಿ ನರಸಿಂಹಯ್ಯನ ಮುಖ ನೋಡಿದಳು.

"ಅದನ್ನ ನಾಳೆಯಿಂದ ಹುಡುಕ್ತೀವಿ," ಎಂದ ಅವನು.

ಅಷ್ಟೇ. ಕದಿರಮ್ಮ ಲಕ್ಷ್ಮೀದೇವಮ್ಮನ ಕೈಯಿಂದ ತನ್ನ ಕೈಗಳನ್ನು ಬಿಡಿಸಿಕೊಂಡಳು. ಹಿತ್ತಿಲಿಗೆ ಹೋಗಿ ಗಂಟು ತಂದಳು. ಎಲ್ಲರ ಎದುರಿಗೆ ಪಡಸಾಲೆ ದಾಟಿ, ಮೆಟ್ಟಿಲಿಳಿದು, ಬೀದಿಯಲ್ಲಿ ನಿಂತಿದ್ದ ಪೊಲೀಸ್ ಜೀಪಿನ ಹಿಂಬದಿಗೆ ಹತ್ತಿ ಕೂತುಬಿಟ್ಟಳು.

ಬೀದಿಯ ಜನ ಬಾಯಿ ಬಿಟ್ಟು ನೋಡಿದರು. ನರಸಿಂಹಯ್ಯ ಅವಸರದಿಂದ ಇಳಿದು ಬಂದ.

"ಏನಮ್ಮ ಇದು? ನಿನ್ನ ಬಿಟ್ಟಿದೀನಿ ಅಂದೆ. ಇಳಿ."

"ಬಿಡ್ಬ್ಯಾಡಿ. ಕರ್ಕಂಡೋಗಿ."

"ಹುಚ್ಚಾ ನಿನಗೆ? ಜೈಲು ಅದು!"

"ಗೊತ್ತು ಸ್ವಾಮಿ." ಅವಳು ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಅವನಿಗೆ ಮಾತ್ರ ಕೇಳುವಂತೆ ತಗ್ಗಿದ ದನಿಯಲ್ಲಿ ಹೇಳಿದಳು. "ಪಾಸಾಣ ಇದ್ದಿದ್ದು ಎಲ್ಡ್ನೇ ಲೋಟದಾಗೆ. ಕಿಟ್ಕೀಲಿ ಕೊಡೋ ಲೋಟ. ಅವತ್ತು ಬರೋರು ಬರ್ಲಿಲ್ಲ. ಒತ್ತು ಏರೋವರ್ಗೂ ಕಾದ್ರು ಅಯ್ಯನೋರು. ಆಲು ಚೆಲ್ಲಿದ್ರೆ ಪಾಪ ಅಂತ ಅದನ್ನೂ ತಾವೇ ಕುಡಿದ್ಬುಟ್ರು."

ನರಸಿಂಹಯ್ಯನ ಕೈ ಜೀಪಿನ ಕಂಬಿಯನ್ನು ಹಿಡಿದುಕೊಂಡಿತು.

ಹನ್ನೆರಡು ದಿನದಿಂದ ಅವನು ಹನುಮಂತರಾಯಪ್ಪನವರ ಶತ್ರುಗಳನ್ನು ಹುಡುಕುತ್ತಿದ್ದ. ಅವರಿಗೆ ಶತ್ರುಗಳೇ ಇರಲಿಲ್ಲ. ಆ ವಿಷದ ಹಾಲು ಬೇರೆಯವರ ಹೆಸರಿಗೆ ಕಾಯಿಸಿ ಇಟ್ಟದ್ದು.

"ನಾನೇ ಮಾಡ್ದೆ ಅಂತ ಜನ ನಂಬಿರೋಗಂಟ ಯಾರೂ ಆ ಓಣಿ ಕಡೆ ನೋಡಾಕಿಲ್ಲ," ಎಂದಳು ಕದಿರಮ್ಮ. "ನನ್ನ ಬುಟ್ರಿ ಅಂದ್ರೆ, ಕಿಟ್ಕಿ ತಾವ ಬರ್ತಿದ್ದೋರು ಯಾರು ಅಂತ ಕೇಳ್ತಾರೆ. ಈಗ್ಲೇ ಕೇಳಿದ್ರಲ್ಲ, ನೀವೇ ಕೇಳಿಸ್ಕಂಡ್ರಿ. ನಾನು ಒಳಗಿರೋಷ್ಟು ದಿನ ಆ ಜೀವ ಉಳ್ಕಂಡಿರ್ತದೆ. ನಡೀರಿ."

ಆ ಕಿಟಕಿಯನ್ನು ಇಬ್ಬರು ಮುಚ್ಚಿದ್ದರು. ಒಬ್ಬರು ಹಿಡಿ ಬದಲಾಯಿಸಿ, ತಾವು ಮಾಡಿದ್ದನ್ನು ಅಡಗಿಸಲು. ಇನ್ನೊಬ್ಬಳು ಒಂದು ಲೋಟ ತೊಳೆದಿಟ್ಟು, ತನ್ನ ಕುತ್ತಿಗೆಯನ್ನೇ ಅಡ್ಡ ಒಡ್ಡಿ. ಬರೆಯಲು ಓದಲು ಬಾರದ ಈ ಹೆಂಗಸು, ಪೊಲೀಸರು ಹನ್ನೆರಡು ದಿನದಲ್ಲಿ ಕಾಣದ್ದನ್ನು ಮೊದಲ ಗಳಿಗೆಯಲ್ಲೇ ಕಂಡು, ಏನು ಮಾಡಬೇಕೆಂದು ಅಲ್ಲೇ ತೀರ್ಮಾನಿಸಿದ್ದಳು. ನರಸಿಂಹಯ್ಯನಿಗೆ ಅವಳ ಮುಂದೆ ಟೋಪಿ ತೆಗೆಯಬೇಕೆನ್ನಿಸಿತು. ತೆಗೆದೂ ತೆಗೆದ, ಬೆವರು ಒರೆಸಿಕೊಳ್ಳುವವನಂತೆ.

"ಯಾರು ಅಂತ ನನಗೊಬ್ಬನಿಗೆ ಹೇಳು ತಾಯಿ. ನಾನು ಕಾಯ್ತೀನಿ ಅವರನ್ನ."

ಕದಿರಮ್ಮ ತಲೆಯಾಡಿಸಿದಳು. ಅವನ ಮೇಲೆ ಮರುಕಪಟ್ಟಂತಿತ್ತು ಅವಳ ನೋಟ.

"ಕೇಳ್ಬ್ಯಾಡಿ. ಕೇಳಿದ್ರೆ ನೀವು ಬರೆಸ್ಬೇಕಾಯ್ತದೆ. ನಿಮ್ಮ ಟೇಸನ್ನಾಗೆ ಮದ್ಯಾಹ್ನ ಬರ್ದಿದ್ದನ್ನ ದೀಪ ಹಚ್ಚೋದ್ರೊಳ್ಗೆ ಈ ಮನೇಲಿ ಓದ್ತಾರೆ ಸ್ವಾಮಿ. ನಾನು ನನ್ನ ಕಿವೀಲೇ ಕೇಳಿವ್ನಿ. ನಾನು ಯೋಳಿದ್ದ ಮಾತು, ಒಂದಕ್ಸರ ತಪ್ದಂಗೆ."

ಅವನಿಗೆ ತಕ್ಷಣ ಏನೂ ಹೊಳೆಯಲಿಲ್ಲ. ಹೊಳೆದಾಗ, ತಿರುಗಿ ನೋಡಲು ಧೈರ್ಯ ಬೇಕಾಯಿತು.

ಎರಡೇ ಹೆಜ್ಜೆ ಹಿಂದೆ, ನಗುಮುಖದಿಂದ, ಪುಸ್ತಕದ ಹೊಸ ಪುಟ ತೆರೆದುಕೊಂಡು ಪಾಪಯ್ಯ ನಿಂತಿದ್ದ. ಪೆನ್ಸಿಲನ್ನು ನಾಲಗೆಗೆ ತಾಗಿಸಿದ.

"ಕದಿರಮ್ಮನೋರು ಏನೋ ಹೇಳಿದ್ರಲ್ಲ ಸಾರ್. ಏನಂತ ಬರ್ಕೊಳ್ಳಲಿ?"